ಮೂರು ಸಲ ಜಗ್ಗಿದರೆ

ಲೈಟ್ ಆರಿಸಬೇಡಿ, ಉರಿಯಲಿ. ಹೇಳ್ತೇನೆ. ಆದರೆ ನಡುವೆ ಯಾರಾದರೂ ನಕ್ಕರೆ ಎದ್ದು ಹೋಗ್ತೇನೆ, ಈಗಲೇ ಹೇಳಿದ್ದೇನೆ. ಇದು ನನ್ನ ಚಿಕ್ಕಮ್ಮನ ಮಗ ಶೋಭಿತ್‌ಗೆ ಆದದ್ದು. ನಾನು ಪಕ್ಕದಲ್ಲೇ ಇದ್ದೆ. ಮಾತೆಲ್ಲ ತುಳುವಿನಲ್ಲಿ ಆದದ್ದು. ನಿಮಗೆ ತುಳು ಬರುವುದಿಲ್ಲ, ಹಾಗಾಗಿ ಕನ್ನಡದಲ್ಲಿ ಹೇಳುವುದು.

ಹೋದ ಮೇ ತಿಂಗಳು. ಮೊದಲ ಮಳೆ ಹೊಡೆದು ಎರಡು ದಿನ ಆಗಿತ್ತು. ಕಂಕನಾಡಿಯಲ್ಲಿ ನನ್ನ ಟಯರ್ ಅಂಗಡಿ ಮುಚ್ಚುವಾಗ ಒಂಬತ್ತೂವರೆ. ಸ್ಕೂಟರ್ ಪಂಕ್ಚರ್. ಟಯರ್ ಅಂಗಡಿಯವನ ಸ್ಕೂಟರೇ ಪಂಕ್ಚರ್, ಹೌದು, ಎಂತ ಮಾಡುವುದು... ಕಡೆಯ ಸಿಟಿ ಬಸ್ಸು ಹತ್ತಿ ಉರ್ವ ಮಾರ್ಕೆಟಿನಲ್ಲಿ ಇಳಿದೆ. ಹೆಗಲಲ್ಲಿ ಗೋಣಿಚೀಲ. ಅದರಲ್ಲಿ ಎರಡು ಜ್ಯಾಕ್ ಸ್ಟ್ಯಾಂಡ್. ಕಾರನ್ನು ಜ್ಯಾಕಿನಲ್ಲಿ ಎತ್ತಿದ ಮೇಲೆ ಭಾರ ಹೊರಲಿಕ್ಕೆ ಅಡಿಯಲ್ಲಿ ಇಡುವ ಕಬ್ಬಿಣದ ಕಾಲು ಅದು. ಎರಡು ಶೋಭಿತ್ ಹತ್ತಿರ ಇತ್ತು, ಇನ್ನೆರಡು ತಾ ಅಂದಿದ್ದ.

ಓಣಿಗೆ ತಿರುಗುವಲ್ಲಿ ಒಂದು ಗೋಳಿಮರ ಉಂಟು. ಬೀದಿದೀಪ ಕೆಟ್ಟಿತ್ತು. ನಾನು ನಡೆದರೆ ಚೀಲ ಠಣ್... ಠಣ್... ಅನ್ನುತ್ತಿತ್ತು. ಮರ ದಾಟಿದೆ. ಆಗ ಬೇರೊಂದು ಸದ್ದು. ಕಿರ್ರ್... ಕಿರ್ರ್... ಕಿರ್ರ್... ಎಣ್ಣೆ ಕಾಣದ ರಾಟೆಯ ಸದ್ದು. ಯಾರೋ ಬಾವಿಯಿಂದ ನೀರು ಸೇದುತ್ತಿದ್ದರು.

ನಿಂತೆ. ಅದು ನಿಲ್ಲಲಿಲ್ಲ. ಬಾವಿಯಿಂದ ಕೊಡ ಮೇಲೆ ಬಂದರೆ ರಾಟೆ ಒಮ್ಮೆ ನಿಲ್ಲಬೇಕು, ನೀರು ಸುರಿಯುವ ಸದ್ದು ಕೇಳಬೇಕು. ಕೇಳಲೇ ಇಲ್ಲ. ಸೇದುತ್ತಲೇ ಇದ್ದರು, ಸೇದುತ್ತಲೇ... ಬೇಗ ಬೇಗ ನಡೆದೆ. ಓಡಿದೆ ಅಂತಲೇ ಇಟ್ಟುಕೊಳ್ಳಿ.

ಶೋಭಿತ್ ಅಂಗಳದಲ್ಲಿ ಕಾಯುತ್ತಿದ್ದ. ಮನೆಯಲ್ಲಿ ಅವನೊಬ್ಬನೇ. ಅವನ ಅಪ್ಪ ಸುಂದರ ಚಿಕ್ಕಪ್ಪನಿಗೆ ಬೊಂಬಾಯಿಯಲ್ಲಿ ಹೋಟೆಲ್, ಚಿಕ್ಕಮ್ಮನೂ ಅಲ್ಲಿಗೇ ಹೋಗಿದ್ದರು. ಅಂಗಳದಲ್ಲಿ ಅವನ ಕೆಂಪು ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್, ಎರಡೇ ಸೀಟು, ಅಡಿಯಲ್ಲಿ ಬೆಕ್ಕು ಹೋಗಬೇಕಾದರೂ ಹೊಟ್ಟೆ ಎಳೆದುಕೊಳ್ಳಬೇಕು. ರಸ್ತೆಯ ಯಾವುದೋ ಹಂಪ್‌ಗೆ ತಾಗಿ ಗೇರ್‌ಬಾಕ್ಸಿನ ಎಣ್ಣೆ ಸೋರುತ್ತಿತ್ತು. ಗ್ಯಾರೇಜಿಗೆ ಕೊಡು ಅಂದರೆ ಕೇಳುವ ಜನ ಅಲ್ಲ. ತಾನೇ ಬಿಚ್ಚಬೇಕು.

"ಈ ಓಣಿಯಲ್ಲಿ ಯಾರ ಮನೆಯಲ್ಲಿ ಬಾವಿ ಉಂಟು?" ಕೇಳಿದೆ.

"ಬಾವಿಯಾ? ಯಾರ ಮನೆಯಲ್ಲೂ ಇಲ್ಲ ಗೌರವಣ್ಣ. ಎಲ್ಲ ನಳ್ಳಿ ನೀರು."

ನಾನು ಮತ್ತೆ ಆ ವಿಷಯ ಎತ್ತಲಿಲ್ಲ. ಹೆದರಿದ್ದು ಗೊತ್ತಾದರೆ ಅವನು ವರ್ಷವಿಡೀ ತಮಾಷೆ ಮಾಡ್ತಾನೆ.

ತಗ್ಗು ಗೋಡೆಯ ಆಚೆ, ಪಕ್ಕದ ಮನೆಯ ಜಗಲಿಯಲ್ಲಿ ಗಿರಿಜಮ್ಮ ಬೀಸಣಿಗೆ ಹಿಡಿದು ಕೂತಿದ್ದರು. ದೇವಸ್ಥಾನದಲ್ಲಿ ಪೂಜೆಗೆ ಇದ್ದ ಹರಿದಾಸ ಭಟ್ಟರ ಹೆಂಡತಿ. ಭಟ್ಟರು ಹೋಗಿ ಹತ್ತು ವರ್ಷ. ಚಿಕ್ಕಪ್ಪ ಮನೆ ಕಟ್ಟಿದ ಜಾಗವೂ ಮೊದಲು ಅವರದ್ದೇ.

"ಈ ಹೊತ್ತಿಗೆ ಎಂತ ಮಾಡ್ತಿದ್ದೀರಿ ಮಕ್ಕಳೇ?"

"ಕಾರು ಎತ್ತುವುದು ಗಿರಿಜಮ್ಮ. ಶೋಭಿತ್ ಅಡಿಗೆ ಹೋಗ್ಬೇಕಂತೆ."

"ಅಲ್ಲಿಯಾ..." ಅಂದರು. ಬೀಸಣಿಗೆ ನಿಂತಿತು.

ಈಗ ಕೇಳಿ. ಅವತ್ತು ನಾನು ಒಂದು ಕೆಲಸವನ್ನೂ ಅಡ್ಡಾದಿಡ್ಡಿ ಮಾಡಲಿಲ್ಲ. ಇಪ್ಪತ್ತು ವರ್ಷದಿಂದ ಕಾರು ಎತ್ತಿದವನು ನಾನು. ತಗ್ಗು ಕಾರಿನ ಅಡಿಗೆ ಜ್ಯಾಕ್ ನುಗ್ಗುವುದಿಲ್ಲ, ಹಾಗಾಗಿ ಮೊದಲು ಹಲಗೆ ಇಟ್ಟು ಚಕ್ರ ಅದರ ಮೇಲೆ ಹತ್ತಿಸಿದೆವು. ಚಕ್ರಗಳಿಗೆ ಅಡ್ಡ ಕಲ್ಲು. ಹ್ಯಾಂಡ್‌ಬ್ರೇಕ್. ತಗಡಿಗಲ್ಲ, ಕಂಪನಿಯವರು ಹೇಳಿದ ಗಟ್ಟಿ ಜಾಗಕ್ಕೇ ಜ್ಯಾಕ್ ಕೊಟ್ಟೆ. ನಾಲ್ಕು ಸ್ಟ್ಯಾಂಡಿನ ಹಲ್ಲೂ ಒಂದೇ ಎತ್ತರಕ್ಕೆ. ಟಿಕ್, ಟಿಕ್, ಟಿಕ್ ಅಂತ ಎಣಿಸಿ ಏರಿಸಿದ್ದು. ಅಂಗಳಕ್ಕೆ ಹಾಸಿದ್ದು ಇಂಟರ್‌ಲಾಕ್ ಕಲ್ಲು, ಸ್ಟ್ಯಾಂಡ್ ಹೂತುಹೋಗಬಾರದು ಅಂತ ಅಡಿಗೆ ದಪ್ಪ ಪ್ಲೈವುಡ್ ಇಟ್ಟೆ. ಬಿಚ್ಚಿದ ಚಕ್ರಗಳನ್ನೂ ಕಾರಿನ ಅಡಿಗೇ ಮಲಗಿಸಿದೆ, ಕಾರು ಜಾರಿದರೆ ಅದರ ಮೇಲೆ ಕೂರುತ್ತದೆ. ಕಡೆಗೆ ಸೊಂಟ ಕೊಟ್ಟು ಕಾರನ್ನು ಅಲುಗಿಸಿ ನೋಡಿದೆ. ಬಂಡೆಯ ಹಾಗೆ ನಿಂತಿತ್ತು.

"ನೆನಪಿಟ್ಟುಕೋ," ಅಂದೆ ಶೋಭಿತ್‌ಗೆ, "ಜ್ಯಾಕ್ ಇರುವುದು ಎತ್ತಲಿಕ್ಕೆ. ಅದನ್ನು ನಂಬಿ ಅಡಿಗೆ ಹೋದವರು ವಾಪಸು ಬರಲಿಲ್ಲ."

"ಆಯ್ತು ಮಾರಾಯ, ಭಾಷಣ ಸಾಕು."

ಎಲ್ಲ ನೋಡಿದೆ, ಗೊತ್ತುಂಟಾ? ಇಂಟರ್‌ಲಾಕಿನ ಅಡಿಯಲ್ಲಿ ಎಂತ ಉಂಟು ಅಂತ ಮಾತ್ರ ಕೇಳಲಿಲ್ಲ.

ಅವನು ಬೆನ್ನ ಮೇಲೆ ಜಾರಿ ಒಳಗೆ ಹೋದ. ಪೂರ್ತಿ ಒಳಗೆ. ತಲೆ ನನ್ನ ಬದಿಗೆ, ಕಾರಿನ ಹಿಂದಕ್ಕೆ. ಕಾಲು ಮುಂದಿನ ಚಕ್ರದ ಕಡೆಗೆ. ನಾನು ಅವನ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಹಿಡಿದೆ. ಸ್ಪ್ಯಾನರ್ ಬೋಲ್ಟಿಗೆ ಕೂತು ಕ್ರಕ್... ಕ್ರಕ್... ಅಂತ ತಿರುಗುತ್ತಿತ್ತು. ಎಣ್ಣೆ ತಟ್ಟೆಗೆ ಟಪ್, ಟಪ್ ಅಂತ ಬೀಳುತ್ತಿತ್ತು. ಹನ್ನೊಂದೂವರೆ ಆಗಿರಬೇಕು.

"ಅಣ್ಣ, ಕಾಲು ಬಿಡು."

"ಎಂತ?"

"ಕಾಲು ಬಿಡು ಅಂತ. ಇದು ಕುಶಾಲು ಮಾಡುವ ಹೊತ್ತಾ?"

ಅವನ ಕಾಲು ನನ್ನಿಂದ ಆರಡಿ ಆಚೆ ಇತ್ತು.

"ಶೋಭಿ..." ಅಂದೆ. "ನಾನು ನಿನ್ನ ತಲೆಯ ಹತ್ತಿರ ಇದ್ದೇನೆ."

ಸ್ಪ್ಯಾನರ್ ನಿಂತಿತು. ಎಣ್ಣೆ ಮಾತ್ರ ಟಪ್... ಟಪ್...

"ಹಾಗಾದರೆ ಅದು ಯಾರು?"

ಟಾರ್ಚನ್ನು ಬಗ್ಗಿಸಿ ಒಳಗೆ ಬಿಟ್ಟೆ. ಅವನ ಎರಡು ಬರಿಗಾಲು. ಅದರಾಚೆ ಖಾಲಿ ಅಂಗಳ. ಯಾರೂ ಇಲ್ಲ. ನಾನು ನೋಡುತ್ತಿದ್ದ ಹಾಗೆಯೇ ಅವನ ಎಡಗಾಲು ಆಚೆಗೆ ಜಗ್ಗಿತು. ಅವನು ಆಡಿಸಿದ್ದಲ್ಲ, ಯಾರೋ ಹಿಡಿದು ಎಳೆದದ್ದು. ಮೊಣಕಾಲು ನೆಟ್ಟಗಾಗುವಷ್ಟು ಜೋರಾಗಿ. ಒಂದು... ಎರಡು... ಮೂರು. ಬಿಟ್ಟಿತು.

"ಮೂರು ಸಲ," ಅವನು ಪಿಸುಗುಟ್ಟಿದ. "ಆಗಲೂ ಮೂರೇ ಸಲ. ನೀನು ಅಂತ ಎಣಿಸಿ ನಾನು ತಿರುಗಿ ಒದ್ದೆ."

ನಾಚಿಕೆ ಬಿಟ್ಟು ಹೇಳ್ತೇನೆ, ಆ ಕ್ಷಣ ಓಡಿಹೋಗುವ ಅಂತ ಕಂಡಿತು. ತಮ್ಮನನ್ನು ಅಲ್ಲೇ ಬಿಟ್ಟು. ಮನುಷ್ಯನಿಗೆ ಹಾಗೂ ಆಗ್ತದೆ.

"ಎಷ್ಟು ಸಲ?"

ಹಿಂದಿನಿಂದ ಬಂದ ಮಾತು. ತಿರುಗಿದರೆ ಗೋಡೆಯ ಆಚೆ ಗಿರಿಜಮ್ಮ. ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು.

"ಎಷ್ಟು ಸಲ ಜಗ್ಗಿದ ಅಂತ ಕೇಳಿದ್ದು ಗೌರವಾ."

"ಮೂರು..."

"ಎಳಿ ಅವನನ್ನು." ಪಿಸುಮಾತು, ಆದರೆ ಹಲ್ಲು ಕಚ್ಚಿದ ಪಿಸುಮಾತು. "ಮೂರು ಸಲ ಜಗ್ಗಿದರೆ ಮೇಲೆ ಎಳೆಯಬೇಕು. ನಿಲ್ಲಬೇಡ. ಎಳಿ."

ಟಾರ್ಚ್ ಬಿಸಾಡಿದೆ. ಶೋಭಿತ್‌ನ ಕಂಕುಳಿಗೆ ಕೈ ಹಾಕಿ ಎಳೆದೆ. ಬರಲಿಲ್ಲ. ಅವನು ಅರವತ್ತು ಕಿಲೋ ಇದ್ದಾನೆ, ಲಾರಿ ಟಯರ್ ಎತ್ತುವವನು ನಾನು... ಬರಲಿಲ್ಲ. ಪಾದ ನೆಲಕ್ಕೆ ಕೊಟ್ಟು, ಹಿಂದಕ್ಕೆ ಬಿದ್ದು ಎಳೆದೆ. ಆಗ ಸ್ವಲ್ಪ ಸ್ವಲ್ಪವೇ ಬರಲಿಕ್ಕೆ ಶುರುವಾಯಿತು. ದೇವರಾಣೆ ಹೇಳ್ತೇನೆ, ಅದು ಒಬ್ಬನ ಭಾರ ಅಲ್ಲ. ಅವನ ಕಾಲು ಹಿಡಿದು ಇನ್ನೊಬ್ಬ ನೇತಾಡಿದ ಹಾಗೆ ಇತ್ತು.

ಅವನ ಸೊಂಟ ಹೊರಗೆ ಬಂತು. ಟಕ್. ಇಂಟರ್‌ಲಾಕಿನ ಒಂದು ಕಲ್ಲು ಸಡಿಲಿತು. ಮೊಣಕಾಲು ಬಂತು. ಟಕ್... ಟಕ್ಟಕ್... ಪಾದ ಹೊರಗೆ ಬಂದದ್ದೇ ನನ್ನ ಕೈಯಲ್ಲಿದ್ದ ಭಾರ ಒಮ್ಮೆಲೇ ಹೋಯಿತು. ಇಬ್ಬರೂ ಹಿಂದಕ್ಕೆ ಮಗುಚಿದೆವು. ಅದೇ ಹೊತ್ತಿಗೆ ಮುಂದಿನ ಎರಡು ಸ್ಟ್ಯಾಂಡ್, ಪ್ಲೈವುಡ್, ಮಲಗಿಸಿದ ಚಕ್ರ, ಎಲ್ಲ ಒಟ್ಟಿಗೆ ನೆಲದೊಳಗೆ ಇಳಿದವು. ಧಸ್ ಅಂತ ಕಾರಿನ ಮೂತಿ ಹೊಂಡಕ್ಕೆ ಕುಸಿಯಿತು. ಸ್ವಲ್ಪ ಹೊತ್ತು ಬಿಟ್ಟು... ತುಂಬ ಕೆಳಗೆ... ಗುಳುಂ.

ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ ಅಂತ ಗಾದೆ ಉಂಟಲ್ಲ, ನಾವು ಹಗಲೂ ಕಾಣದ ಬಾವಿಗೆ ಬೀಳುವವರಿದ್ದೆವು. ಶೋಭಿತ್ ಅತ್ತ. ಮೂವತ್ತು ವರ್ಷದ ಗಂಡಸು, ಎಣ್ಣೆ ಕೈಯಲ್ಲೇ ಮುಖ ಮುಚ್ಚಿಕೊಂಡು ಗಳಗಳ ಅತ್ತ. ನಾನೂ ಅತ್ತೆ.

ಗಿರಿಜಮ್ಮ ನಮ್ಮನ್ನು ಅವರ ಜಗಲಿಯಲ್ಲಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ಶೋಭಿತ್ ಹಾಸ್ಟೆಲಿನಲ್ಲಿ ಓದುವಾಗ, ಈ ಮನೆ ಕಟ್ಟುವ ಹೊತ್ತಿಗೆ, ಚಿಕ್ಕಪ್ಪ ಆ ಬಾವಿ ಮುಚ್ಚಿಸಿದ್ದಂತೆ. ಕಟ್ಟಡ ಒಡೆದ ಕಲ್ಲು, ಮಣ್ಣು ಸುರಿದು, ಮೇಲೆ ಇಂಟರ್‌ಲಾಕ್ ಹಾಸಿ ಬಿಟ್ಟದ್ದು.

"ನೀವು ಕಾರು ನಿಲ್ಲಿಸುವಾಗಲೇ ನಾನು ಹೇಳಬೇಕಿತ್ತು," ಅಂದರು. "ಬಾಯಿ ಬರಲಿಲ್ಲ. ಆ ಬಾವಿಯ ಹೆಸರು ಎತ್ತದೆ ನಲವತ್ತೆರಡು ವರ್ಷ ಆಯಿತು."

ಮತ್ತೆ ನಿಧಾನ ಹೇಳಿದರು. ಅವರು ಮದುವೆಯಾಗಿ ಬಂದ ಮೊದಲ ಬೇಸಿಗೆ. ಭಟ್ಟರ ತಮ್ಮ ವಿಶ್ವೇಶ ಕೆಸರು ತೆಗೆಯಲಿಕ್ಕೆ ಬಾವಿಗೆ ಇಳಿದಿದ್ದ. ಹತ್ತೊಂಬತ್ತು ವರ್ಷ. ಮೇಲಿದ್ದ ಇಬ್ಬರು ಆಳುಗಳು ಚಾ ಕುಡಿಯಲಿಕ್ಕೆ ಹೋಗಿದ್ದರು. ಹಗ್ಗದ ಹತ್ತಿರ ಅವನ ಅತ್ತಿಗೆ ಗಿರಿಜಮ್ಮ ಒಬ್ಬರೇ. ಮೂರು ಸಲ ಜಗ್ಗಿದರೆ ಆಳುಗಳನ್ನು ಕೂಗಿ ಅಂತ ಅವನು ಹೇಳಿಯೇ ಇಳಿದದ್ದು.

"ಬೆಳಗ್ಗಿನಿಂದ ಸುಮ್ಮಸುಮ್ಮನೆ ಜಗ್ಗಿ ನನ್ನನ್ನು ಹೆದರಿಸುತ್ತಿದ್ದ. ಕುಶಾಲಿನವನು. ಕಡೆಯ ಸಲ ಜಗ್ಗಿದಾಗಲೂ ಕುಶಾಲು ಅಂತಲೇ ಎಣಿಸಿ, ನಾನು ನಗುತ್ತಾ ತಿರುಗಿ ಮೂರು ಸಲ ಜಗ್ಗಿದೆ." ಬೀಸಣಿಗೆಯನ್ನು ಮಡಿಲಲ್ಲಿ ಇಟ್ಟರು. "ಕೆಳಗೆ ಗಾಳಿ ಕೆಟ್ಟಿತ್ತಂತೆ. ಅವನು ಜಗ್ಗಲೇ ಇಲ್ಲ ಅಂತ ನಾನು ಪೊಲೀಸರಿಗೆ ಹೇಳಿದೆ. ಇವರಿಗೂ ಹಾಗೆಯೇ ಹೇಳಿದೆ. ಇವರು ಸಾಯುವವರೆಗೂ ಅದನ್ನೇ ನಂಬಿದ್ದರು."

ಶೋಭಿತ್ ಅವರ ಕಾಲು ಮುಟ್ಟಿದ. ಅವರು ಕಾಲು ಹಿಂದೆ ಎಳೆದುಕೊಂಡರು.

ಕಾರನ್ನು ಕ್ರೇನ್ ತಂದು ತೆಗೆಸಿದೆವು. ಹೊಂಡಕ್ಕೆ ಎರಡು ಲೋಡ್ ಕಗ್ಗಲ್ಲು, ಮೇಲೆ ಕಾಂಕ್ರೀಟ್. ನಾನೇ ನಿಂತು ಹಾಕಿಸಿದ್ದು. ಬಾವಿ ಮುಚ್ಚಿದರೆ ಉಸಿರಾಡಲಿಕ್ಕೆ ಒಂದು ಪೈಪ್ ಬಿಡಬೇಕು ಅಂತ ಗಿರಿಜಮ್ಮ ಹಠ ಹಿಡಿದರು. ಬಿಟ್ಟೆವು. ಹನ್ನೆರಡು ಅಡಿ ಪೈಪ್, ಅವರ ಗೋಡೆಯ ಬುಡದಲ್ಲಿ ಬಾಯಿ. ಅದರ ಕೆಳಗೆ ಬರೀ ಕಲ್ಲು. ಮಾರನೇ ವಾರ ಫೋನ್ ಮಾಡಿ ಹತ್ತು ಮೊಳ ತೆಂಗಿನ ನಾರಿನ ಹಗ್ಗ ತಂದುಕೊಡು ಅಂದರು. ಬಟ್ಟೆ ಒಣಗಿಸಲಿಕ್ಕೆ ಇರಬೇಕು ಅಂತ ನಾನೇ ಮಾರ್ಕೆಟಿನಿಂದ ಅಳೆಸಿ ತಂದುಕೊಟ್ಟೆ.

ಕಳೆದ ಭಾನುವಾರ ಸಂಜೆ ಹೋಗಿದ್ದೆ. ಗಿರಿಜಮ್ಮ ಪೈಪಿನ ಹತ್ತಿರ ಮಣೆ ಹಾಕಿ ಕೂತಿದ್ದರು. ನಾನು ತಂದುಕೊಟ್ಟ ಹತ್ತು ಮೊಳದ ಹಗ್ಗವೇ, ಒಂದು ತುದಿ ಪೈಪಿನೊಳಗೆ. ಎರಡೂ ಕೈಯಲ್ಲಿ ಹಿಡಿದಿದ್ದರು, ಅಂಗೈ ಸುಲಿದು ಕೆಂಪಾಗಿತ್ತು. ವಯಸ್ಸಾಯಿತು, ಪಾಪ, ಮಂಡೆ ಕೆಟ್ಟಿತು ಅಂತ ನನಗೆ ಸಂಕಟವಾಯಿತು. ಒಳಗೆ ಹೋಗುವ ಬನ್ನಿ ಅಂತ ಅವರ ಕೈಯಿಂದ ಹಗ್ಗ ಬಿಡಿಸಲಿಕ್ಕೆ ಹೋದೆ.

ಹಗ್ಗ ಬಿಗಿ ಇತ್ತು.

"ಬಿಡಿಸಬೇಡ ಗೌರವಾ," ಅಂದರು. "ಈಗ ಬರ್ತಾ ಇದ್ದಾನೆ."

ಸುಳ್ಳು ಹೇಳಿ ನನಗೆ ಆಗಬೇಕಾದ್ದು ಎಂತದೂ ಇಲ್ಲ. ನಂಬಿ, ಬಿಡಿ. ಅವರು ಎಳೆದು ಹಾಕಿದ ಹಗ್ಗ ಪಕ್ಕದಲ್ಲಿ ಸುರುಳಿಯಾಗಿ ಬಿದ್ದಿತ್ತು. ಒದ್ದೆ ಇತ್ತು. ನಾನು ನೆಲದಲ್ಲಿ ಕೂತು ಮೊಳ ಹಾಕಿ ಅಳೆದೆ. ಇಪ್ಪತ್ತಾರು ಮೊಳ.