ಮುಚ್ಚಳದ ಮ್ಯಾಲಿನ ಹೆಬ್ಬೆಟ್ಟು

…ಅಷ್ಟ ಹೇಳ್ರಿ ದತ್ತಪ್ಪ ಕಾಕಾ, ನಾಳೆ ವಿಚಾರಣಾದಾಗ, ನನ್ನ ಹೆಸರು ತಗೊಂಡು. 'ಕಮಲಾಪುರ ಸಾಲಿ ಖೋಲಿ ಕಟ್ಟೂಕಿಂತ ಮೊದಲ ನಾಗರತ್ನಾ ಮೇಡಂ ಬಂದಿದ್ರು, ನಾನೇ ಗುಂಡಿ ತೋಡೀನಿ, ಮಣ್ಣು ತಗದು ಕೊಟ್ಟೀನಿ.' ಮುಗೀತು! ಗ್ವಾಡಿ ಯಾಕ ಬಿರೀತು ಅಂತ ನಿಮಗ ಯಾರೂ ಕೇಳಂಗಿಲ್ಲ. ಹಂಗ್ಯಾಕ ನೋಡ್ತೀರಿ? ಕೂಡ್ರಿ. ಆ ಗಂಟು ಟೇಬಲ್ ಮ್ಯಾಲ ಇಡ್ರಿ. ಬಸ್ಸಿನಾಗೂ ಹಿಂಗ ಹಿಡಕೊಂಡೇ ಬಂದ್ರೇನು?

ಆ ಒಲಿ ನೋಡಿ ಯಾಕ ನಗ್ತೀರಿ? ಗೊತ್ತದ, ನಮ್ಮ ಲ್ಯಾಬಿನ ಮಣ್ಣು ಒಣಗಸೂ ಒಲಿ ಕೆಟ್ಟು ಎರಡು ವರ್ಷಾತು. 'ಮಾಳಿಗಿ ಮ್ಯಾಲ ಹಪ್ಪಳದ ಬಾಜೂಕ ಮಣ್ಣು ಒಣಗಸ್ತೀನ್ರೀ' ಅಂದಿದ್ರಿ ನೀವು…

ಈ ಕರಿ ಎರಿ ಮಣ್ಣಿನ ಮ್ಯಾಲ ಹತ್ತು ವರ್ಷ ಸಂಶೋಧನಾ ಮಾಡೀನಿ. ಮಳಿಗಿ ಉಬ್ಬತದ, ಬಿಸಲಿಗಿ ಬಿರೀತದ, ಮ್ಯಾಲಿನ ಗ್ವಾಡಿ ಸೀಳತದ ಅಂತ ಬರದೀನಿ. ಓದಿದೋರು ಯಾರು? ನಾನು, ಟೈಪ್ ಮಾಡಿದಾಂವ! ಸೇಡಂ ರಸ್ತೆದಾಗ ಇಷ್ಟು ಮನಿ ಎದ್ದಾವ. ವಾಸ್ತು ಕೇಳ್ತಾರ, ಬೋರಿನ ನೀರು ಕೇಳ್ತಾರ, ಮಣ್ಣು ಒಬ್ರೂ ಕೇಳಂಗಿಲ್ಲ. ಈ ಸಲ ನನ್ನ ಹಂತೇಲಿ ಒಬ್ಬ ವಿದ್ಯಾರ್ಥಿನೂ ಬರಲಿಲ್ಲ. ಇಲ್ಲಿ ನನ್ನ ಜೋಡಿ ಮಾತಾಡೋರು ನೀವೊಬ್ರೇ, ಕಾಕಾ. ನೀವು ಬರದ ದಿನ ಈ ಡಬ್ಬಿಗಳ ಜೋಡಿ ಮಾತಾಡ್ತೀನಿ… ಖರೇ!

ಪುರಾವೆ ಬೇಕಂದ್ರ ಅಕೋ, ಮ್ಯಾಲ 'ಕಮಲಾಪುರ' ಅಂತ ಚೀಟಿ ಹಚ್ಚಿದ ಡಬ್ಬಿ ಅದ. ಮುಚ್ಚಳದ ಮ್ಯಾಲ ನಿಮ್ಮ ಹೆಬ್ಬೆಟ್ಟೂ ಅದ. ಗುಂಡಿ ತೋಡಿದಾಗೆಲ್ಲಾ ಅಲ್ಲೀದೇ ಹಸಿ ಮಣ್ಣಾಗ ಬೆರಳು ಅದ್ದಿ ಮುಚ್ಚಳಕ್ಕ ಒತ್ತತೀರಲ್ಲ… ತಗೀಬ್ಯಾಡ್ರಿ! ಇಡ್ರಿ ಅಲ್ಲೇ…

ಹೂಂ. ಮಣ್ಣು ಕೆಂಪದ. ಬಾಳಿ ತ್ವಾಟದ್ದು, ಹಳೀದು. ಅದೂ ಕಮಲಾಪುರದ್ದೇ ಅಲ್ಲೇನು? ಸಾಲಿ ಅಲ್ಲಿಂದ ಎಷ್ಟು ದೂರ…

ಬೈರಿ ನನಗ! ಸಾಲಿ ಕಟ್ಟೋರು ಎರಡ ದಿನದಾಗ ರಿಪೋರ್ಟ್ ಬೇಕಂದ್ರು, ಜೀಪ್ ಕೊಡಲಿಲ್ಲ. ಮಣ್ಣು ಗಟ್ಟಿ ಅದ ಅಂತ ಇಲ್ಲೇ ಕೂತು ಬರದೆ. ಯಾರೂ ಓದಂಗಿಲ್ಲ ಅಂದ್ಕೊಂಡಿದ್ದೆ… ಅದೊಂದ ಓದಿದ್ರು, ಕಾಕಾ. ಓದಿ ಕಟ್ಟಿದ್ರು.

ನಿಮ್ಮ ಮೊಮ್ಮಗಳು ಕಾವೇರಿ… ಆ ಖೋಲಿದಾಗೇ ಕೂಡ್ತಿದ್ಲೇನು?

ಗಂಟ್ಯಾಕ ಬಿಚ್ಚಾಕತ್ತೀರಿ… ಕರಿ ಮಣ್ಣು. ಇನ್ನಾ ಹಸೀ ಅದ. ಸಾಲಿ ಅಂಗಳದ್ದು? ಒಬ್ರೇ ತೋಡಿದ್ರೇನು, ಈ ವಯಸ್ಸಿನಾಗ?

ಇಕೋ ಖಾಲಿ ಡಬ್ಬಿ. ಒತ್ರಿ ಹೆಬ್ಬೆಟ್ಟು… ಚೀಟಿ ನಾನೇ ಬರೀಬೇಕಲ್ಲ. ಕೊಡ್ರಿ ಪೆನ್ನು.

'ಕಮಲಾಪುರ. ಸಾಲಿ ಅಂಗಳ. ಗುಂಡಿ… ಮೊದಲನೇದು.'