ಕ್ವಾರಿಯಲ್ಲಿ ನೀರು ತಟ್ಟಿದ್ದು

ಇದು ಕಟ್ಟುಕತೆಯಲ್ಲ. ನನ್ನ ಚಿಕ್ಕಮ್ಮನ ಮಗಳಿಗೇ ಆದದ್ದು. ದೀಪ ಸ್ವಲ್ಪ ಸಣ್ಣಗೆ ಮಾಡಿ, ಹೇಳುತ್ತೇನೆ...

ಅವತ್ತು ಕತ್ತಲಾದ ಮೇಲೆ ಅವಳು ಕಲ್ಲುಕ್ವಾರಿಯಿಂದ ಒಬ್ಬಳೇ ಮನೆಗೆ ಬರುತ್ತಿದ್ದಳು. ಮೈಮೇಲೆ ಈಜುಡುಗೆ, ಅದರ ಮೇಲೊಂದು ಕೋಟು, ಮೂಗಿನ ತುದಿಯಲ್ಲಿ ಸಿಟ್ಟು. ದಾರಿಯಲ್ಲಿ ಒಂದು ಹಾಳುಬಾವಿ. ಅದರ ಪಕ್ಕಕ್ಕೆ ಬಂದಳೋ ಇಲ್ಲವೋ... ಛಪ್. ಛಪ್. ಅಂಗೈಯಿಂದ ನೀರು ತಟ್ಟಿದ ಸದ್ದು.

ಆ ಬಾವಿಯಲ್ಲಿ ನೀರಿಲ್ಲ. ಬತ್ತಿ ಎಷ್ಟೋ ವರ್ಷವಾಗಿದೆ.

ಸಿಟ್ಟು ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ. ಅವಳದು ಕನ್ನಡಕದ ಅಂಗಡಿಯಲ್ಲಿ ಗಾಜು ಸಾಣೆ ಹಿಡಿಯುವ ಕೆಲಸ. ನಲವತ್ತು ದಾಟಿದ ಮೇಲೆ ಎತ್ತರದಿಂದ ನೀರಿಗೆ ಹಾರುವ ಹುಚ್ಚು ಹತ್ತಿತು. ಈಜುಕೊಳದ ಡೈವಿಂಗ್ ಹಲಗೆಯಿಂದ ಹಾರಿ ಹಾರಿ, ಹೊಟ್ಟೆ ಕೆಂಪಗೆ ಮಾಡಿಕೊಂಡು ಬರುತ್ತಿದ್ದಳು. "ಮನೆ ಮೆಟ್ಟಿಲಿಳಿಯೋಕೆ ಕಂಬಿ ಹಿಡ್ಕೊಳ್ಳೋಳು ಬಂಡೆಯಿಂದ ಹಾರ್ತಾಳಂತೆ!" ಎಂದು ಗಂಡ ನಗುತ್ತಿದ್ದ. ಕಲಿಸುವವರು ಮಾತ್ರ ನಗಲಿಲ್ಲ. ಅವರನ್ನು ಎಲ್ಲರೂ ಕರೆಯುವುದೇ ಕಪ್ಪೆ ಮೇಷ್ಟ್ರು ಅಂತ. ಹಲಗೆ ಸಾಕು, ಇನ್ನು ಬಂಡೆ ಎಂದು ಅವಳನ್ನು ನೀರು ತುಂಬಿದ ಹಳೇ ಕ್ವಾರಿಗೆ ಕರೆದುಕೊಂಡು ಹೋಗತೊಡಗಿದರು.

ಅಲ್ಲಿ ಅವರದೊಂದು ಪದ್ಧತಿ. ನೀರು ಅಲುಗಾಡದೆ ನಿಂತಿದ್ದರೆ ನೀರೆಲ್ಲಿ, ಕಲ್ಲೆಲ್ಲಿ ಅಂತ ಮೇಲಿನಿಂದ ಕಣ್ಣಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಒಬ್ಬರು ಕೆಳಗಿದ್ದು ಎರಡು ಸಲ ನೀರು ತಟ್ಟಬೇಕು. ಅಲೆ ಎದ್ದ ಕಡೆ ಮೇಲಿನವರು ಹಾರಬೇಕು. ತಟ್ಟದಿದ್ದರೆ ಹಾರುವ ಹಾಗಿಲ್ಲ.

ಆ ಸಂಜೆ ಅವಳು ಬಂಡೆಯ ತುದಿಯಲ್ಲಿ ನಿಂತೇ ನಿಂತಳು. ಸದ್ದೇ ಇಲ್ಲ. ಬಂಡೆಯ ಉಬ್ಬು ಅಡ್ಡವಾಗಿ ಮೇಷ್ಟ್ರೂ ಕಾಣಿಸುವುದಿಲ್ಲ. ಹಿಂದೊಮ್ಮೆ ಇವಳು ಮೀನಮೇಷ ಎಣಿಸುತ್ತಿದ್ದಾಗ ಅವರು ಹೇಳದೆ ಕೇಳದೆ ಮನೆಗೆ ಹೊರಟುಬಿಟ್ಟಿದ್ದರು. ಇವತ್ತೂ ಅದೇ ಆಟ ಅಂದುಕೊಂಡು ಹೊರಟಳು. ನಿಜ ಹೇಳಬೇಕೆಂದರೆ, ಸದ್ಯ ಬದುಕಿದೆ ಅಂತಲೂ ಅನ್ನಿಸಿತ್ತಂತೆ.

ಈಗ ಬಾವಿಯೊಳಗೆ ಮತ್ತೆ... ಛಪ್. ಛಪ್.

ಮೊಬೈಲಿನ ಬೆಳಕು ಬಿಟ್ಟು ಬಗ್ಗಿ ನೋಡಿದಳು. ತಳದಲ್ಲಿ ಒಣ ಎಲೆ, ಕಲ್ಲು. ಅಷ್ಟೇ. ಆಗ ನೆನಪಾಯಿತು. ಮೇಷ್ಟ್ರ ಸೈಕಲ್ ಕ್ವಾರಿಯ ದಾರಿಯಲ್ಲೇ ನಿಂತಿತ್ತಲ್ಲ! ಸಿಟ್ಟಿನಲ್ಲಿ ಅದನ್ನು ನೋಡಿಯೂ ನೋಡದ ಹಾಗೆ ದಾಟಿ ಬಂದಿದ್ದಳು.

ಎದ್ದೆನೋ ಬಿದ್ದೆನೋ ಅಂತ ಹಿಂದಕ್ಕೆ ಓಡಿದಳು. ಬಂಡೆಯ ತುದಿಗೆ ಬಂದು ಕೆಳಕ್ಕೆ ಬಗ್ಗಿ ಕೂಗಿದಳು.

"ಮೇಷ್ಟ್ರೇ... ಇದ್ದೀರಾ?"

"ಕಾಲು... ಸೆಟ್ಕೊಂಡ್ಬಿಟ್ಟಿದೆ..." ಆಮೇಲೆ ಗುಳುಗುಳು. ಬಾಯಿಗೆ ನೀರು ನುಗ್ಗುವ ಸದ್ದು.

ಸುತ್ತಿ ಇಳಿಯುವಷ್ಟು ಹೊತ್ತಿಲ್ಲ. ಹಾರಬೇಕು. ಮೊಬೈಲಿನ ಬೆಳಕು ಕೆಳಗೆ ಮುಟ್ಟುತ್ತಲೇ ಇಲ್ಲ. ನೀರೆಲ್ಲಿ, ಕಲ್ಲೆಲ್ಲಿ?

ಛಪ್. ಛಪ್. ಬಲಗಡೆಯಿಂದ.

ಹಾರಿದಳು... ಧುಡುಂ!

ಮೇಷ್ಟ್ರನ್ನು ಕಂಕುಳಲ್ಲಿ ಕೈಹಾಕಿ ದಡಕ್ಕೆ ಎಳೆದಳು. ಇಬ್ಬರಿಗೂ ಏದುಸಿರು.

"ಸರಿಯಾಗಿ ತಟ್ಟಿದ್ರಿ ಸಾರ್. ಇಲ್ಲಾಂದ್ರೆ ಕಲ್ಲಿನ ಮೇಲೇ ಬೀಳ್ತಿದ್ದೆ."

"ನಾನೆಲ್ಲಮ್ಮಾ ತಟ್ಟಿದೆ?" ಮೇಷ್ಟ್ರು ಪಿಸುಗುಟ್ಟಿದರು. "ನೀನು ಮೊದಲು ಮೇಲೆ ನಿಂತಾಗಿಂದ ಬಾಯಿ ತೆರೆದ್ರೆ ನೀರು, ಎರಡೂ ಕೈಯಲ್ಲಿ ಬಂಡೆ ಹಿಡ್ಕೊಂಡು ನೇತಾಡ್ತಿದ್ದೆ..."

ಇಬ್ಬರೂ ಅಲ್ಲಿಂದ ನೆಟ್ಟಗೆ ನನ್ನ ಮನೆಗೆ ಬಂದರು.

ನಂಬದಿದ್ದರೆ ಬಿಡಿ. ಮೇಷ್ಟ್ರ ಎರಡೂ ಅಂಗೈ ಸುಲಿದುಹೋಗಿದ್ದವು. ಬಟ್ಟೆ ಕಟ್ಟಿದವಳು ನಾನೇ. ಈಗಲೂ ಭಾನುವಾರ ಹಾಡಹಗಲಲ್ಲಿ ಅವರಿಬ್ಬರೂ ಅಲ್ಲಿಗೆ ಹೋಗುತ್ತಾರೆ. ಸುಳ್ಳೋ ನಿಜವೋ ನೋಡೋಣ ಅಂತ ಒಮ್ಮೆ ನಾನೂ ಹೋಗಿ ದಡದಲ್ಲಿ ಕೂತೆ. ಮೇಷ್ಟ್ರು ಎರಡು ಸಲ ನೀರು ತಟ್ಟಿದರು. ನನಗೆ ಕಾಣಲಿ ಅಂತ ಎರಡೂ ಕೈ ಮೇಲೆತ್ತಿದರು. ಅವಳು ಹಾರಲಿಲ್ಲ. ಕಾದಳು. ಆಚೆ ದಡದ ಹತ್ತಿರ, ಯಾರೂ ಇಲ್ಲದ ಕಡೆ, ಇನ್ನೊಂದು... ಛಪ್.

ಆಮೇಲೆ ಹಾರಿದಳು.