ಅಪ್ಪನ ದನಿಗೆ ದೀಪ ಇಟ್ಟವನು

ಒಂದೂರಲ್ಲಿ ಒಬ್ಬ ಅನುಕೂಲಸ್ಥ ಇದ್ದ ಅಂತಿಟ್ಟುಕೊಳ್ಳಿ. ಹೆಸರು ಬೇಡ, ಹೇಳಿದರೆ ನೀವೆಲ್ಲ ಪಕ್ಕದವರ ಮುಖ ನೋಡುತ್ತೀರಿ. ಅಕ್ಕಿ ಗಿರಣಿ ಇತ್ತು, ಮಹಡಿ ಮನೆ ಇತ್ತು. ದೇವರ ಕೋಣೆಯಲ್ಲಿ, ದೇವರ ಪಟಗಳ ಸಾಲಿನಲ್ಲೇ, ಒಂದು ಹಳೇ ಕ್ಯಾಸೆಟ್ಟೂ ಇತ್ತು. ತೀರಿಹೋದ ಅಪ್ಪ ಒಮ್ಮೆ ಕೂತು ಹಾಡಿದ ತತ್ವಪದಗಳು ಅದರಲ್ಲಿದ್ದವು. ಅದಕ್ಕೆ ದಿನಾ ಕುಂಕುಮ ಹಚ್ಚುತ್ತಿದ್ದ, ಹೂ ಏರಿಸುತ್ತಿದ್ದ, ಎದುರಿಗೆ ಎಣ್ಣೆ ದೀಪ ಇಡುತ್ತಿದ್ದ. ನೋಡಿ, ಎಲ್ಲ ಮಾಡುತ್ತಿದ್ದ. ಕೇಳುವುದೊಂದನ್ನು ಬಿಟ್ಟು.

ಅವನಿಗೊಬ್ಬಳು ತಂಗಿ. ಅಪ್ಪ ಹೋದಾಗ ತೊಟ್ಟಿಲ ಕೂಸು. ಅಪ್ಪನ ಮುಖವನ್ನು ಫೋಟೋದಲ್ಲಿ ಕಂಡಿದ್ದಳು, ದನಿ ಕೇಳಿದ ನೆನಪು ಮಾತ್ರ ಇರಲಿಲ್ಲ. ಅಣ್ಣನಿಗಾದರೆ ನೆನಪಿತ್ತು, ಅವಳಿಗಿದ್ದದ್ದು ಆ ಕ್ಯಾಸೆಟ್ಟೊಂದೇ. ಪ್ರತಿ ವರ್ಷ ಅಪ್ಪನ ತಿಥಿಗೆ ಬಂದಾಗ ಕೇಳುವಳು. ಹಾಕಿದರೆ ಟೇಪು ಸವೆಯುತ್ತೆ ಅನ್ನುವನು ಅಣ್ಣ. ಇನ್ನೊಂದು ಪ್ರತಿ ಮಾಡಿಸೋಣ ಅಂದರೆ, ಅಪ್ಪನನ್ನು ಅಂಗಡಿಯವರ ಕೈಗೆ ಕೊಡಲೇನು ಅನ್ನುವನು. ಕ್ಯಾಸೆಟ್ಟಿನಲ್ಲಿರೋ ಮಾವನವರಿಗೆ ಮಡಿ ಜಾಸ್ತಿ ಕಣಮ್ಮ ಎಂದು ಅತ್ತಿಗೆ ನಗೆಯಾಡುವಳು.

ಒಂದು ವರ್ಷ ತಿಥಿಯ ದಿನ ಎಲೆ ಹಾಕಿದರು, ಬಡಿಸಿದರು. ತಂಗಿ ಎಲೆ ಮುಂದೆ ಕೂರಲಿಲ್ಲ. ಮನೆಮಗಳು ಉಪವಾಸ ನಿಂತರೆ ಯಾರ ಗಂಟಲಲ್ಲಿ ಅನ್ನ ಇಳಿದೀತು? ಹಿರಿಯರು ಗದರಿದರು, ರಮಿಸಿದರು. ಅವಳು ದನಿ ಏರಿಸಲಿಲ್ಲ.

"ಅಪ್ಪನ ದನಿ ಕೇಳಿಸು ಅಣ್ಣ, ಆಮೇಲೆ ಉಣ್ಣುತ್ತೇನೆ" ಅಂದಳು. ಅಷ್ಟೇ.

ಅಣ್ಣ ಸಿಟ್ಟಿನಲ್ಲೇ ತಂದು ಹಾಕಿದ. ಏನು ಬಂತು? ಕಿರ್ರೆಂದು ಒಂದು ಸದ್ದು, ಆಮೇಲೆ ಅದೂ ಇಲ್ಲ. ತೆಗೆದು ನೋಡಿದರೆ ದೀಪದ ಕಾವಿಗೆ ಡಬ್ಬಿ ಸೊಟ್ಟಗಾಗಿದೆ, ಸುರುಳಿಯ ತುಂಬ ಎಣ್ಣೆಜಿಡ್ಡು, ಕುಂಕುಮ.

"ನಿನ್ನ ಹಟಕ್ಕೆ ಹಾಳಾಯಿತು ನೋಡು."

"ನಾನು ಮುಟ್ಟಿಯೇ ಇಲ್ಲವಲ್ಲ ಅಣ್ಣ. ದಿನಾ ಮುಟ್ಟಿದವನು ನೀನು."

ಅಳುತ್ತಾ ಕೂತಳೇ? ಇಲ್ಲ. ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಹಸಿದ ಹೊಟ್ಟೆಯಲ್ಲೇ ಬಸ್ಸು ಹತ್ತಿದಳು. ಅಣ್ಣನೂ ಬೈಯುತ್ತಲೇ ಹಿಂದೆ ಹತ್ತಿದ. ಪೇಟೆಯಲ್ಲಿ ಒಬ್ಬ ಆಗಲ್ಲ ಅಂದ. ಇನ್ನೊಬ್ಬ, ಇದಕ್ಕೆ ರಿಪೇರಿ ಬೇಡ, ಪ್ರಸಾದ ಹಂಚಿ ಅಂದ. ಅವಳು ಮತ್ತೊಂದು ಅಂಗಡಿಯ ಮೆಟ್ಟಿಲು ಹತ್ತಿದಳು. ಅಲ್ಲಿಯವನು ಸುರುಳಿ ಬಿಚ್ಚಿ, ಒರೆಸಿ, ಬೇರೆ ಡಬ್ಬಿಗೆ ಸುತ್ತಿ, ಉಳಿದದ್ದನ್ನು ಕಂಪ್ಯೂಟರಿಗೆ ಇಳಿಸಿಕೊಟ್ಟ.

ಪದಗಳೆಲ್ಲ ಹೋಗಿದ್ದವು. ಒಂದೂ ಉಳಿದಿರಲಿಲ್ಲ. ಸುರುಳಿಯ ಒಳತುದಿಯಲ್ಲಿ, ಹಾಡಿಗೆ ಮುಂಚಿನ ಒಂದು ಚೂರು ಮಾತ್ರ ಇತ್ತು. ಕೂಸೊಂದು ಅಳುತ್ತಿದೆ. ಮಗೂನ ಆಚೆ ಕರಕೊಂಡು ಹೋಗಿ ಅನ್ನುತ್ತಾರೆ ಯಾರೋ. ಆಗ ಒಂದು ಗಡಸು ಗಂಟಲು:

"ಇರಲಿ ಬಿಡ್ರೋ. ಅವಳೂ ಹಾಡಲಿ."

ತಂಗಿ ಅಲ್ಲೇ ಕೂತುಬಿಟ್ಟಳು. ಇನ್ನೊಂದು ಸಲ ಹಾಕಪ್ಪ ಅಂದಳು. ಅಣ್ಣ ಗೋಡೆಗೆ ಮುಖ ಮಾಡಿ ನಿಂತಿದ್ದ. ಯಾವ ಪದಗಳನ್ನು ಇಷ್ಟು ವರ್ಷ ಕಾದನೋ ಅವನ್ನು ತಾನೇ ಸುಟ್ಟಿದ್ದ. ಈಚೆ ತಿರುಗಿ, ಮಕ್ಕಳು ಮೊಮ್ಮಕ್ಕಳು ಎಷ್ಟಿದ್ದೇವೋ ಅಷ್ಟು ಪ್ರತಿ ಮಾಡು ಎಂದು ಅಂಗಡಿಯವನಿಗೆ ಹೇಳಿದ. ಮೊದಲನೆಯದನ್ನು ತಂಗಿಯ ಕೈಗಿಟ್ಟ.

ಈಗ ನಿಮ್ಮ ಕಡೆ ಬರುತ್ತೇನೆ. ನಿಮ್ಮ ಅಟ್ಟದ ಮೇಲೆ ಮದುವೆಯ ವಿಡಿಯೋ ಕ್ಯಾಸೆಟ್ಟು ಇಲ್ಲವೇ? ಟ್ರಂಕಿನೊಳಗೆ ಒಂದಕ್ಕೊಂದು ಅಂಟಿಕೊಂಡ ಫೋಟೋಗಳಿಲ್ಲವೇ? ಭದ್ರವಾಗಿದೆ ಸ್ವಾಮಿ ಅಂತೀರಿ. ಬೀಗ ಹಾಕಿದ್ದಕ್ಕೆ ಬೂಷ್ಟು ಹಿಡಿಯುವುದಿಲ್ಲವೇನು? ಹಿರಿಯರಿಗೆ ಕೈ ಮುಗಿಯುವುದು ಸುಲಭ, ಕಿವಿ ಕೊಡುವುದು ಕಷ್ಟ. ಈ ಭಾನುವಾರವೇ ಕೆಳಗಿಳಿಸಿ. ನೀವೇ ಹಾಕಿ ನೋಡಬೇಡಿ, ಬಲ್ಲವರಿಗೆ ತೋರಿಸಿ. ಪ್ರತಿ ಮಾಡಿಸಿ, ಮಾಡಿಸಿ ಹಂಚಿ. ಮಾತು ಬಿಟ್ಟ ತಮ್ಮನಿಗೂ ಕೊಡಿ; ನಿಮ್ಮಪ್ಪ ಅವನಿಗೂ ಅಪ್ಪನೇ. ಫೋಟೋದಲ್ಲಿರುವವರು ಯಾರು ಯಾರೆಂದು ಅಜ್ಜಿಯನ್ನು ಕೇಳಿ ಹಿಂದೆ ಬರೆದಿಡಿ, ಅಜ್ಜಿ ಇರುವಾಗಲೇ. ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ಬಾಯಿಬಿಟ್ಟು ಕೇಳದೆ ಕಾಯುತ್ತಿದ್ದಾರೆ. ಅವರು ಎಲೆ ಮುಂದೆ ಕೂರದೆ ನಿಲ್ಲುವ ತನಕ ನೀವು ಕಾಯಬೇಡಿ.